ನನ್ನ ನೀರು ಚೆನ್ನಾಗಿದೆ

ಜೊಂಡುನೀರು, ಆರಿಜೋನಾ
ನವೆಂಬರ್ 14, 1977

ಸಂಯುಕ್ತ ಸಂಸ್ಥಾನದ ರಾಜಧಾನಿಯಲ್ಲಿ ಟೈಪ್‌ರೈಟರ್ ಸಮೇತ ಬಿಜಯಂಗೈದಿರುವ, ನಮ್ಮ ಮನೆತನದ ಮೊತ್ತಮೊದಲ ಸರ್ಕಾರಿ ಕುಳ, ಅಕ್ಕ ಲೊರೇನಾಳ ಸನ್ನಿಧಾನಕ್ಕೆ,

ಜೊಂಡುನೀರಿನ ಕುರಿ ಖಾತೆ, ಸೌದೆ ಖಾತೆ ಮತ್ತು ಅಜ್ಜಿಯ ಬೈಗುಳ ಖಾತೆಗಳನ್ನು ಏಕಕಾಲಕ್ಕೆ ಹೊತ್ತಿರುವ ನಿನ್ನ ತಮ್ಮ ಟೆರಲ್ ತಲೆಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ: ನಾವು ಕ್ಷೇಮ, ಕುರಿಗಳು ಕ್ಷೇಮ, ಪಿಕಪ್ ಗಾಡಿ ಮಾತ್ರ ಕ್ಷೇಮವಲ್ಲ.

ಗಾಡಿಯ ಕಥೆ ಆಮೇಲೆ. ಮೊದಲು ರಾಷ್ಟ್ರೀಯ ಮಹತ್ವದ ವಿಷಯ. ಹೋದ ವಾರ ಹಳದಿ ಟೋಪಿಯ ಕೆಲವರು ಬಂದು ನಮ್ಮ ಒರತೆಯ ಮೇಲಿನ ಮಟ್ಟಗುಡ್ಡದ ತುಂಬ ಗೂಟ ನೆಟ್ಟು, ಒಂದೊಂದಕ್ಕೂ ಕಿತ್ತಳೆ ಬಣ್ಣದ ರಿಬ್ಬನ್ ಕಟ್ಟಿ ಹೋದರು. ಮತ್ತೆ ಯುರೇನಿಯಂ ಗಣಿಯಂತೆ. ಹಳೇ ಗಣಿಯಲ್ಲಿ ಅಗೆದ ನಮ್ಮ ಅಜ್ಜ ಕೆಮ್ಮುತ್ತ ಕೆಮ್ಮುತ್ತ ಏನಾದನೆಂಬುದನ್ನು ನಾನು ಬರೆಯುವುದಿಲ್ಲ, ನೀನೂ ಓದುವುದು ಬೇಡ.

ಅಜ್ಜಿ ಗುಡ್ಡ ಹತ್ತಿ ನೋಡಿ, "ಒಳ್ಳೇ ಗಟ್ಟಿ ಬಟ್ಟೆ" ಎಂದು ರಿಬ್ಬನ್ನುಗಳನ್ನೆಲ್ಲ ಬಿಚ್ಚಿ ತಂದು ಆಡುಗಳ ಕೊರಳಿಗೆ ಕಟ್ಟಿದಳು. ಬೋಳಾದ ಗೂಟಗಳನ್ನು ಹಾಗೇ ಬಿಡುವುದು ಚೆನ್ನಾಗಿರುವುದಿಲ್ಲವೆಂದು ನಾನು ಅವನ್ನು ಕಿತ್ತು, ಸಭಾಮನೆಯ ಹಿಂದಿನ ಪಾಯಿಖಾನೆಯ ಸುತ್ತ ಶಾಸ್ತ್ರೋಕ್ತವಾಗಿ ನೆಟ್ಟು ಬಂದೆ. ಅಳತೆಯ ಪ್ರಕಾರ ಅಮೆರಿಕದ ಅತ್ಯಂತ ಸಮೃದ್ಧ ನಿಕ್ಷೇಪ ಈಗ ಅಲ್ಲಿದೆ. ದೇಶದ ರಕ್ಷಣೆಗಾಗಿ ನಮ್ಮೂರಿನವರು ಅದಕ್ಕೆ ದಿನಾ ಬೆಳಗ್ಗೆ ತಮ್ಮ ಪಾಲಿನ ಕಾಣಿಕೆ ಸಲ್ಲಿಸುತ್ತಿದ್ದಾರೆ.

ಇನ್ನು ಗಾಡಿ. ಹಳದಿ ಟೋಪಿಯವರ ಲಾರಿ ಹೊರಟಾಗ, ಅದು ಹಳ್ಳದ ಮರಳಲ್ಲಿ ಹೂತುಕೊಳ್ಳುತ್ತದೆ ನೋಡುತ್ತಿರು ಎಂದೆ. ಅಜ್ಜಿ ಕಣ್ಣು ಕೆಕ್ಕರಿಸಿದಳು. ಅವರ ಲಾರಿ ಸಲೀಸಾಗಿ ದಾಟಿತು. ಮಧ್ಯಾಹ್ನ ಅದೇ ಹಳ್ಳದಲ್ಲಿ ನಮ್ಮ ಗಾಡಿ ಅಚ್ಚಿನವರೆಗೆ ಹೂತು ಕೂತಿತು. ಅಜ್ಜಿ ಸನಿಕೆಯನ್ನು ನನ್ನ ಕೈಗೆ ಕೊಟ್ಟು ಸಂಜೆಯವರೆಗೆ ಮರಳು ತೋಡಿಸಿದಳು. ಕೊನೆಗೆ ಆಡಿದ್ದು ಇಷ್ಟು:

"ಕೆಟ್ಟ ಮಾತು ಬಾಯಿಂದ ಹೊರಟ್ರೆ ಎಲ್ಲಾದ್ರೂ ಹೋಗಿ ಕೂತೇ ಕೂರತ್ತೆ ಕಣೋ ನರಿ. ವಿಳಾಸ ಓದಕ್ಕೆ ಅದಕ್ಕೆ ಬರಲ್ಲ."

ಅಜ್ಜಿ ಇನ್ನೊಂದು ಕೇಳಿದ್ದಾಳೆ. ವಾಶಿಂಗ್ಟನ್ ಅನ್ನುವವನು ಹೇಗಿದ್ದಾನೆ, ಅವನ ತಾಯಿ ಯಾವ ಕುಲದವಳು, ಮದುವೆಯಾಗಿದೆಯೇ? "ಬಂಧುಬಳಗ ಇಲ್ಲದವನ ಹಾಗೆ ಆಡ್ತಾನೆ, ಅದಕ್ಕೇ ಕೇಳ್ದೆ" ಎಂದಳು. ವಿಚಾರಿಸಿ ಬರೆಯುವುದು.

ಇಂತು ನಿನ್ನ ಪಾದದ ಬೂಟಿನ ಧೂಳು,
ಟೆರಲ್


ವಾಶಿಂಗ್ಟನ್
ಡಿಸೆಂಬರ್ 9, 1977

ಟೆರಲ್,

ಗೂಟಗಳನ್ನು ಎಲ್ಲಿಂದ ಕಿತ್ತೆಯೋ ಅಲ್ಲೇ ನೆಟ್ಟು ಬಾ. ನಿನ್ನ ಪತ್ರ ಓದಿ ಆಫೀಸಿನ ಬಚ್ಚಲಿಗೆ ಹೋಗಿ ನಕ್ಕುಬಂದೆ, ಅದು ಬೇರೆ ವಿಷಯ. ಇದು ನಗುವ ಹೊತ್ತಲ್ಲ.

ಗಣಿಯ ಗುತ್ತಿಗೆ ಕೊಡಬೇಕೇ ಬೇಡವೇ ಎಂದು ಅಭಿಪ್ರಾಯ ಹೇಳುವ ಸಮಿತಿಗೇ ನಾನು ಟೈಪ್ ಮಾಡುವುದು. ಮಾರ್ಚಿನಲ್ಲಿ ಅದರ ಮೂವರು ಸದಸ್ಯರು ಜೊಂಡುನೀರಿಗೆ ಬಂದು ಸಭಾಮನೆಯಲ್ಲಿ ಊರಿನವರ ಮಾತು ಕೇಳುತ್ತಾರೆ. ಯಾರ್‍ಯಾರ ಕೈಕಾಲು ಹಿಡಿದೆನೋ ಕೇಳಬೇಡ, ಅಜ್ಜಿಗೆ ಮಾತಾಡಲು ಅವಕಾಶ ಮಾಡಿಸಿದ್ದೇನೆ. ಮೊದಲು ಅವಳೇ. ಗುಡ್ಡದ ಕೆಳಗೆ ಒರತೆಯಿರುವುದು, ಆ ಒರತೆಯನ್ನೇ ನಂಬಿ ಕುರಿ ಸಾಕಿದವಳು ಅವಳು. ಅವಳ ಮಾತಿಗೆ ತೂಕವಿದೆ. ಅವಳು ಹೇಳುವುದು, ನೀನು ಇಂಗ್ಲಿಷಿಗೆ ತಿರುಗಿಸುವುದು. ಬಿಳಿಯರ ಬೋರ್ಡಿಂಗ್ ಶಾಲೆಯಲ್ಲಿ, ನಮ್ಮ ಬುಡಕಟ್ಟಿನ ಭಾಷೆ ಆಡಿದ್ದಕ್ಕೆ ಸೋಪು ತಿನ್ನಿಸಿ ಕಲಿಸಿದ ಇಂಗ್ಲಿಷು ಒಂದು ದಿನವಾದರೂ ಉಪಯೋಗಕ್ಕೆ ಬರಲಿ.

ಅವರು ಕೇಳುವುದು ಒಂದೇ ಪ್ರಶ್ನೆ: ಗಣಿ ಬಂದರೆ ಏನಾಗುತ್ತದೆ? ಉತ್ತರವನ್ನು ಬೇರೆ ಹಾಳೆಯಲ್ಲಿ ಟೈಪ್ ಮಾಡಿ ಇಟ್ಟಿದ್ದೇನೆ. ಒರತೆ ಕೆಡುತ್ತದೆ, ಕುರಿಗಳು ಸಾಯುತ್ತವೆ, ಜನ ಅಜ್ಜನ ಹಾಗೆ ರಕ್ತ ಕಾರುತ್ತಾರೆ. ಅಜ್ಜಿಗೆ ಓದಿ ಹೇಳು. ಇಷ್ಟನ್ನು ನೇರವಾಗಿ ಹೇಳಿದರೆ ಸಾಕು, ಮೂವರಲ್ಲಿ ಇಬ್ಬರ ಮನಸ್ಸು ಇನ್ನೂ ತೂಗುತ್ತಿದೆ.

ಇಲ್ಲಿ ನಾನು ಚೆನ್ನಾಗಿದ್ದೇನೆ. ವಾಶಿಂಗ್ಟನ್ ಒಬ್ಬನಲ್ಲ ಎಂದು ಅಜ್ಜಿಗೆ ಹೇಳು. ಬಹಳ ಜನ ಇದ್ದಾರೆ. ಕುಲ ಮಾತ್ರ ಒಬ್ಬರದೂ ಗೊತ್ತಾಗಿಲ್ಲ.

ಲೊರೇನಾ


ಜೊಂಡುನೀರು
ಜನವರಿ 20, 1978

ಮಹಾಸಮಿತಿಯ ಮಹಾಬೆರಳಚ್ಚುಗಾರ್ತಿಯವರಿಗೆ,

ನಿನ್ನ ಅಪ್ಪಣೆಯಂತೆ ಸಾಕ್ಷ್ಯದ ತಾಲೀಮು ವಿಧ್ಯುಕ್ತವಾಗಿ ಆರಂಭವಾಗಿ, ವಿಧ್ಯುಕ್ತವಾಗಿ ಕೆಟ್ಟಿತು. ಗಡ್ಡದ ಹೋತವನ್ನು ಅಧ್ಯಕ್ಷಪೀಠದಲ್ಲಿ, ಅಂದರೆ ಹಿಟ್ಟಿನ ಪೀಪಾಯಿಯ ಮೇಲೆ ನಿಲ್ಲಿಸಿದೆ. ಕೊರಳಲ್ಲಿ ಕಿತ್ತಳೆ ರಿಬ್ಬನ್ ಇದ್ದೇ ಇತ್ತು, ಥೇಟ್ ಸದಸ್ಯರ ಕಳೆ. "ಗಣಿ ಬಂದರೆ ಏನಾಗುತ್ತದೆ, ತಾಯಿ?" ಎಂದು ಹೋತದ ಪರವಾಗಿ ಕೇಳಿದೆ. ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಗ ನಿನ್ನ ಹಾಳೆಯನ್ನು ನಮ್ಮ ಭಾಷೆಯಲ್ಲಿ ಓದಿದೆ.

ನಗು ನಿಂತಿತು. ಹಾಳೆಯನ್ನು ಕೈಯಿಂದ ಕಿತ್ತು ಒಲೆಗೆ ಹಾಕಿದಳು. ನನ್ನನ್ನು ಹೊರಗೆ ಎಳೆದೊಯ್ದು ಮೂಡಣಕ್ಕೆ ಮುಖ ಮಾಡಿಸಿ ನಿಲ್ಲಿಸಿದಳು. ಒರತೆಯ ನೀರಲ್ಲಿ ನನ್ನ ಬಾಯಿ ತೊಳೆಸಿದಳು. ಜನವರಿಯ ನೀರು, ಅಕ್ಕ. ಹಲ್ಲು ಇನ್ನೂ ಮಾತಾಡುತ್ತಿವೆ. ಆಮೇಲೆ, ಕೆಟ್ಟದ್ದು ಕಳೆಯಲು, ಕಾಯಿಲೆ ಬಿಡಿಸಲು ಹಾಡುವ ಹೊಸ್ಕಿ ಮಾವನಿಗೆ ಹೇಳಿಕಳಿಸಿದಳು. ಮಾವ ಬಂದು ಜೋಳದ ಹೂಪುಡಿ ಉದುರಿಸಿ ಒಂದಿಷ್ಟು ಹಾಡಿ, ನಾನು ಆಡಿದ್ದನ್ನು ಸರಿಮಾಡಿ, ಒಂದು ತಪ್ಪಲೆ ಕುರಿಮಾಂಸದ ಸಾರು ಖಾಲಿ ಮಾಡಿ ಹೋದ.

"ನನ್ನ ನೀರಿಗೆ ನಾನೇ ಬಾಯಾರೆ ಸಾವು ಕರೀಲಾ?" ಎಂದಳು ಅಜ್ಜಿ. "ಗಣಿ ಬೇಕು ಅನ್ನೋರು ಬೇಕಾದ್ರೆ ಆ ಮಾತು ಆಡ್ಲಿ. ನಾನು ಅಲ್ಲಿಗೆ ಬರ್ತೀನಿ, ಒಳ್ಳೇದು ಹೇಳ್ತೀನಿ. ಒಳ್ಳೇದು ಹೇಳಿ ಹೇಳೇ ಆ ನೀರು ಇಲ್ಲೀವರೆಗೂ ಉಳಿದಿರೋದು."

ತಪ್ಪಲೆ ತೊಳೆಯುತ್ತ, "ಲೊರೇನಾ ಚೆನ್ನಾಗಿದಾಳಾ? ಇಂಥದ್ದು ಬರೆಯೋದನ್ನ ಅವಳಿಗೆ ಯಾರು ಕಲಿಸಿದ್ರು?" ಎಂದು ಕೇಳಿದಳು. ಸರ್ಕಾರ ಎಂದೆ. ತುಟಿ ಮುಂದೆ ಮಾಡಿ ತುಟಿಯಲ್ಲೇ ಪೂರ್ವದ ಕಡೆ, ನಿನ್ನ ಕಡೆ, ತೋರಿಸಿ ಒಲೆಗೆ ಸೌದೆ ಒಟ್ಟಿದಳು.

ಆದ್ದರಿಂದ ಅಕ್ಕ, ಈ ಬಡಮಂತ್ರಿಯ ಒಂದು ಯೋಜನೆ. ಅಜ್ಜಿ ನಮ್ಮ ಭಾಷೆಯಲ್ಲಿ ಒಳ್ಳೆಯದನ್ನೇ ಹೇಳಲಿ. ನಾನು ಇಂಗ್ಲಿಷಿನಲ್ಲಿ ನಿನ್ನ ಹಾಳೆಯನ್ನು ಹೇಳುತ್ತೇನೆ. ಅಜ್ಜಿಗೆ ಇಂಗ್ಲಿಷ್ ಬಾರದು, ಅವರಿಗೆ ನಮ್ಮ ಭಾಷೆ ಬಾರದು, ಒರತೆಗೂ ಇಂಗ್ಲಿಷ್ ಬರಲಿಕ್ಕಿಲ್ಲ. ನಾನು ಹುಟ್ಟಿದ ಮೇಲೆ ಮಾಡಿದ ಕಿಡಿಗೇಡಿತನಗಳೆಲ್ಲ ಇದೊಂದಕ್ಕೆ ತಾಲೀಮು ಎಂದೇ ತಿಳಿ. ಒಂದು ಸಾಲು ಬರೆ, ಸಾಕು.

ಅಪ್ಪಣೆಗೆ ಕಾದಿರುವ,
ಟೆರಲ್


ವಾಶಿಂಗ್ಟನ್
ಫೆಬ್ರವರಿ 6, 1978

ಟೆರಲ್,

ಬೇಡ. ಖಂಡಿತ ಬೇಡ.

ನಿನ್ನ ಪಕ್ಕದಲ್ಲೇ ನಮ್ಮ ಭಾಷೆ ಬಲ್ಲ ಇನ್ನೊಬ್ಬ ಕೂತಿರುತ್ತಾನೆ. ನೀನು ತಿರುಗಿಸುವ ಪ್ರತಿ ಮಾತನ್ನೂ ಅವನು ತಾಳೆ ನೋಡುತ್ತಾನೆ. ಒಂದು ಕಡೆ ತಪ್ಪಿದರೂ ಅಜ್ಜಿಯ ಸಾಕ್ಷ್ಯವಷ್ಟೇ ಅಲ್ಲ, ಇಡೀ ಊರಿನ ಸಾಕ್ಷ್ಯವನ್ನು ಕಸದ ಬುಟ್ಟಿಗೆ ಹಾಕುತ್ತಾರೆ. "ಇವರ ಮಾತು ನಂಬುವ ಹಾಗಿಲ್ಲ" ಎಂದು ಹೇಳಲು ಇಲ್ಲಿ ಜನ ತುದಿಗಾಲಲ್ಲಿ ನಿಂತಿದ್ದಾರೆ. ಅಜ್ಜಿ ಹೇಳಿದ್ದನ್ನೇ ಹೇಳು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ನನಗೆ ಮಾತು ಕೊಡು.

ಅಜ್ಜಿಗೆ ಬಿಳಿಯರ ಮುಂದೆ ಮಾತಾಡಲು ಅಂಜಿಕೆ ಇರಬೇಕು, ಅದಕ್ಕೇ ಹೀಗೆ ನೆವ ಹೇಳುತ್ತಿದ್ದಾಳೆ. ಇನ್ನೂ ಒಂದು ತಿಂಗಳಿದೆ. ನೀನು ಅವಳ ಮುದ್ದಿನವನು, ಒಲಿಸು. ಒಂದು ದಿನದ ಮಟ್ಟಿಗೆ ಎಂದು ಹೇಳು. ಆಮೇಲೆ ಮಾವನನ್ನು ಕರೆಸಿ ಹಾಡಿಸಿದರಾಯಿತು, ಬರುವ ಖರ್ಚೆಲ್ಲ ನನ್ನದು.

ಹಾಳೆ ಒಲೆಗೆ ಹಾಕಿದ್ದಕ್ಕೆ ನನಗೇನೂ ಬೇಸರವಿಲ್ಲ ಎಂದು ಹೇಳು. ನಾನೂ ಆ ಸಾಲುಗಳನ್ನು ಯಂತ್ರದಲ್ಲಿ ಒತ್ತಿದೆನೇ ಹೊರತು ಕೈಯಲ್ಲಿ ಬರೆಯಲಿಲ್ಲ.

ಲೊರೇನಾ


ಜೊಂಡುನೀರು
ಮಾರ್ಚ್ 19, 1978

ಅಕ್ಕ ಲೊರೇನಾಳಿಗೆ, ಮಹಾಸಭೆಯ ಯಥಾವತ್ ವರದಿ.

ಮೂವರು ಸದಸ್ಯರು ಎರಡು ಕಾರಿನಲ್ಲಿ ಬಂದರು. ಅಜ್ಜಿ ಕೆಂಪು ಮಖಮಲ್ಲಿನ ಕುಪ್ಪಸ ತೊಟ್ಟು, ಇದ್ದಬದ್ದ ನೀಲಿಕಲ್ಲಿನ ಸರವನ್ನೆಲ್ಲ ಹಾಕಿಕೊಂಡು ಬೆಳಗ್ಗೆಯಿಂದಲೇ ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಅಂಜಿಕೆಯ ಮಾತಾಡಿದ್ದೆಯಲ್ಲ, ನೀನು ನೋಡಬೇಕಿತ್ತು. ಅಧ್ಯಕ್ಷ ಅವಳ ಕೈ ಹಿಡಿದು ಕೈಪಂಪು ಹೊಡೆದಂತೆ ಮೇಲೆ ಕೆಳಗೆ ಆಡಿಸಿದ. ನೀರು ಬರದ್ದು ನೋಡಿ ಬಿಟ್ಟ.

ಅಜ್ಜಿ ಎದ್ದು ತನ್ನ ತಾಯಿಯ ಕುಲ, ತಂದೆಯ ಕುಲ, ಎರಡೂ ಕಡೆಯ ಅಜ್ಜಂದಿರ ಕುಲ ಹೇಳಿದಳು. ಹೇಳಿ ನಿಂತಳು. ಅಧ್ಯಕ್ಷ ತನ್ನದನ್ನು ಹೇಳಲಿ ಎಂದು ಕಾದಳು. ನಾವೆಲ್ಲ ಕಾದೆವು. ಅವನು ಗಡಿಯಾರ ನೋಡಿಕೊಂಡು, ತಾನು ಮೂರು ಚುನಾವಣೆ ಗೆದ್ದವನೆಂದು ಹೇಳಿದ. "ಪಾಪ, ಗೆದ್ದಿದಾನೆ, ಆದ್ರೆ ತಾಯಿ ಯಾರು ಅಂತ ಗೊತ್ತಿಲ್ಲ" ಎಂದಳು ಅಜ್ಜಿ. ನಿನಗೆ ಮಾತು ಕೊಟ್ಟಿದ್ದೆನಲ್ಲ, ಅದನ್ನೂ ತಿರುಗಿಸಿದೆ. ಅವನ ಕಿವಿ ಅಜ್ಜಿಯ ಕುಪ್ಪಸದ ಬಣ್ಣಕ್ಕೆ ಬಂತು.

ಆಮೇಲೆ ಅವನು ಆ ಪ್ರಶ್ನೆ ಕೇಳಿದ. ಗುಡ್ಡದ ಮೇಲೆ ಗಣಿ ಬಂದರೆ ನಿಮ್ಮ ನೀರಿಗೆ ಏನಾಗುತ್ತದೆ?

ಅಜ್ಜಿ ಅವಸರ ಮಾಡಲಿಲ್ಲ. "ನನ್ನ ನೀರು ಚೆನ್ನಾಗಿದೆ" ಎಂದಳು. "ನನ್ನ ತಾಯಿ ಕುಡಿದಾಗ ಚೆನ್ನಾಗಿತ್ತು, ನಾಳೆಯೂ ಚೆನ್ನಾಗಿರತ್ತೆ. ನನ್ನ ಕುರಿಗಳು ಅಲ್ಲಿ ಕುಡೀತವೆ, ಕುಡೀತಾ ಇರ್ತವೆ. ನನ್ನ ಮೊಮ್ಮಕ್ಕಳ ಮಕ್ಕಳು ಆ ನೀರಿನ ಸುತ್ತ ಓಡಾಡ್ತಾರೆ. ನನ್ನ ಮುಂದೆ ಚೆನ್ನಾಗಿರತ್ತೆ, ನನ್ನ ಹಿಂದೆ ಚೆನ್ನಾಗಿರತ್ತೆ."

ಹಿಂದಿನ ಬೆಂಚಿನ ಮುದುಕಿಯರು ಶಾಲಿನ ಅಂಚಲ್ಲಿ ಕಣ್ಣೊರೆಸಿಕೊಂಡರು. ಅದು ಎಂಥ ಪ್ರಾರ್ಥನೆ ಎಂದು ಅಲ್ಲಿ ಕೂತ ಪ್ರತಿಯೊಬ್ಬರಿಗೂ ಗೊತ್ತು, ಆ ಮೂವರನ್ನು ಬಿಟ್ಟು. ನನ್ನ ಬಾಯಲ್ಲಿ ನಿನ್ನ ಹಾಳೆಯ ಒಂದೊಂದು ಪದವೂ ಸಿದ್ಧವಾಗಿತ್ತು ಅಕ್ಕ. ಒಲೆಯಲ್ಲಿ ಸುಟ್ಟಿದ್ದು ಕಾಗದ ಮಾತ್ರ. ಆದರೆ ನನ್ನ ಎಡಗಡೆ ದೊಡ್ಡ ಟೋಪಿಯವನೊಬ್ಬ ಕೂತಿದ್ದ, ನಮ್ಮವರ ಬಣ್ಣ, ಅಜ್ಜಿಯ ಬಾಯನ್ನೇ ನೋಡುತ್ತಿದ್ದ. ನೀನು ಬರೆದಿದ್ದ ತಾಳೆ ನೋಡುವವನು ಇವನೇ ಎಂದುಕೊಂಡೆ. ಅಜ್ಜಿ ಹೇಳಿದ್ದನ್ನೇ ಹೇಳಿದೆ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ.

ಅಧ್ಯಕ್ಷನಿಗೆ ಬಹಳ ಸಂತೋಷವಾಯಿತು. ಹಾಗಾದರೆ ನಿಮಗೆ ಭಯವಿಲ್ಲವೇ ಎಂದು ಕೇಳಿದ. ಇಲ್ಲ ಎಂದಳು. ಗಣಿ ಕಂಪನಿಯ ಕಡೆಯವನು ಅದನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದ.

ಊಟಕ್ಕೆ ಸಾರು, ಎಣ್ಣೆರೊಟ್ಟಿ. ಮೂವರೂ ಎರಡೆರಡು ಸಲ ಹಾಕಿಸಿಕೊಂಡರು. ನಾನು ದೊಡ್ಡ ಟೋಪಿಯವನ ಹತ್ತಿರ ಹೋಗಿ, ನಮ್ಮ ಭಾಷೆಯಲ್ಲಿ, ಅತ್ಯಂತ ವಿನಯದಿಂದ, "ಹೇಸರಗತ್ತೆ ಮುಖದವನೇ, ರೊಟ್ಟಿ ಸಾಕಾ, ಇಲ್ಲಾ ನಿನ್ನ ಟೋಪೀನೂ ಕರಿದು ಬಡಿಸಲಾ?" ಎಂದು ಕೇಳಿದೆ. ಅವನು ನಗುತ್ತ ನನ್ನ ಬೆನ್ನು ತಟ್ಟಿ, ಥ್ಯಾಂಕ್ಯೂ, ನಿನಗೂ ಒಳ್ಳೆಯದಾಗಲಿ ಎಂದ. ಇಂಗ್ಲಿಷಿನಲ್ಲಿ.

ಅವನು ಕಾರಿನ ಡ್ರೈವರ್ ಅಕ್ಕ. ಮೆಕ್ಸಿಕೋ ಕಡೆಯವನಂತೆ.

ತಾಳೆ ನೋಡುವವನು ಎಲ್ಲಿ ಕೂತಿದ್ದ? ಬರೆದು ತಿಳಿಸು.

ಟೆರಲ್


ಜೊಂಡುನೀರು
ಮೇ 23, 1978

ಅಕ್ಕ, ನಿನ್ನ ಪತ್ರವಿಲ್ಲ. ಒಂದು ಪ್ರಶ್ನೆ ಕೇಳಿದ್ದೆ, ಸುಲಭದ್ದು. ಹೋತ ಅಧ್ಯಕ್ಷ ಪದವಿಗೆ ರಾಜೀನಾಮೆ ಕೊಟ್ಟು ರಿಬ್ಬನ್ ತಿಂದುಬಿಟ್ಟಿದೆ. ಅಜ್ಜಿ ಎರಡು ಕುರಿಮರಿಗೆ ನಿನ್ನ ಹೆಸರಿಟ್ಟಿದ್ದಾಳೆ, ಎರಡಕ್ಕೂ. ಬರೆ.
ಟೆ.


ವಾಶಿಂಗ್ಟನ್
ಜುಲೈ 3, 1978

ಪ್ರಿಯ ಟೆರಲ್,

ತಡವಾಯಿತು. ಕೆಲಸ ಬಹಳ ಇತ್ತು.

ಸಮಿತಿಯ ವರದಿ ಹೋದ ವಾರ ಹೊರಬಂತು. ಗುತ್ತಿಗೆ ಕೊಡಬಹುದು ಎಂದಿದ್ದಾರೆ. ಮನಸ್ಸು ತೂಗುತ್ತಿದ್ದ ಇಬ್ಬರೂ ಒಪ್ಪಿದರು. "ಒರತೆಯ ಸಮೀಪವೇ ವಾಸಿಸುವ ಹಿರಿಯ ಮಹಿಳೆಯೊಬ್ಬರು, ತಮ್ಮ ನೀರು ಮುಂದೆಯೂ ಚೆನ್ನಾಗಿಯೇ ಇರುತ್ತದೆಂಬ ಭರವಸೆಯನ್ನು ಮನಮುಟ್ಟುವಂತೆ ವ್ಯಕ್ತಪಡಿಸಿದರು" ಎಂದು ಅದರಲ್ಲಿದೆ. ಆ ಪುಟ ಟೈಪ್ ಮಾಡಿದವಳು ನಾನೇ. ಅಡಿಯಲ್ಲಿ ಒಂದು ಟಿಪ್ಪಣಿ ಸೇರಿಸಿದೆ: ನಮ್ಮಲ್ಲಿ ಹಿರಿಯರು ಕೆಡುಕನ್ನು ಬಾಯಿಬಿಟ್ಟು ಹೇಳುವುದಿಲ್ಲ, ಹೀಗೆ ಹೇಳಿದ್ದೇ ಅವರ ವಿರೋಧ ಎಂದು. ಮೇಲಿನವರು ಅದನ್ನು ಹೊಡೆದುಹಾಕಿ, ಟೈಪ್ ಮಾಡಲು ಬಂದವಳು ಟೈಪ್ ಮಾಡಬೇಕು ಎಂದರು. ಪುಟವನ್ನು ಮತ್ತೆ ಟೈಪ್ ಮಾಡಿದೆ.

ಕಂಪನಿಯವರು ವಾರಕ್ಕೊಮ್ಮೆ ಟ್ಯಾಂಕರಿನಲ್ಲಿ ನೀರು ಕಳಿಸುತ್ತಾರಂತೆ. ಅಜ್ಜಿಗೆ ಹೇಗೆ ಹೇಳುವುದೋ ನೀನೇ ನೋಡು.

ಕುರಿಮರಿಗಳಿಗೆ ನನ್ನ ಹೆಸರಿಟ್ಟಿದ್ದು ಕೇಳಿ ಸಂತೋಷವಾಯಿತು.

ಲೊರೇನಾ


ಜೊಂಡುನೀರು
ಅಕ್ಟೋಬರ್ 30, 1978

ಅಕ್ಕ,

ನಾನು ಕೇಳಿದ್ದಕ್ಕೆ ನೀನು ಉತ್ತರ ಬರೆದಿಲ್ಲ. ಇನ್ನು ಬರೆಯಬೇಡ. ಆ ಜಾಗದಲ್ಲಿ ಯಾರೂ ಕೂತಿರಲಿಲ್ಲ ಎಂಬುದು ಊಟದ ಹೊತ್ತಿಗೇ ಗೊತ್ತಾಗಿತ್ತು. ನನ್ನನ್ನು ಬಲ್ಲವಳು ನೀನು, ನರಿಗೆ ಬೇಲಿ ಹಾಕಿದೆ. ನಿನ್ನ ಜಾಗದಲ್ಲಿ ನಾನಿದ್ದರೂ ಹಾಕುತ್ತಿದ್ದೆ.

ಗುಡ್ಡದ ಮೇಲೆ ಪಂಪುಗಳು ಹಗಲೂ ರಾತ್ರಿ ಓಡುತ್ತವೆ. ಗಣಿ ತೋಡುವಾಗ ಒಳಗೆ ನೀರು ನುಗ್ಗದ ಹಾಗೆ ಎಲ್ಲವನ್ನೂ ಮೇಲೆತ್ತಿ ಆಚೆ ಹಳ್ಳಕ್ಕೆ ಬಿಡುತ್ತಾರೆ. ಒರತೆಯಲ್ಲಿ ಈಗ ಅಂಗೈ ಒತ್ತಿದರೆ ಮರಳು ಒದ್ದೆಯಾಗುತ್ತದೆ, ಅಷ್ಟೇ. ಅಜ್ಜಿ ದಿನಾ ಸೂರ್ಯ ಹುಟ್ಟುವಾಗ ಅಲ್ಲಿಗೆ ಹೋಗುತ್ತಾಳೆ. ಮೊದಲು ಒಂದೇ ನಡಿಗೆಗೆ ಹೋಗುತ್ತಿದ್ದವಳು ಈಗ ದಾರಿಯಲ್ಲಿ ಎರಡು ಕಡೆ ಕೂರುತ್ತಾಳೆ. ಜೋಳದ ಹೂಪುಡಿ ಚೆಲ್ಲಿ, ಸಭೆಯಲ್ಲಿ ಹೇಳಿದ್ದನ್ನೇ ಆ ಮರಳಿಗೆ ಹೇಳಿ ಬರುತ್ತಾಳೆ. ಟ್ಯಾಂಕರಿನ ನೀರನ್ನು ತಾನು ಮುಟ್ಟುವುದಿಲ್ಲ. ಆಚೆ ಹಳ್ಳದ ನೀರು ಕುರಿಗಳಿಗೆ ಸಿಹಿಯಾಗಿ ಕಂಡಿತು. ಕುರಿಗಳ ವಿಷಯ ಕೇಳಬೇಡ. ನಿನ್ನ ಹೆಸರಿನವುಗಳದ್ದೂ.

ನನಗೆ ಕೆಲಸ ಸಿಕ್ಕಿದೆ. ನಗು. ಕಂಪನಿಯಲ್ಲಿ ದುಭಾಷಿ. ಮಾರ್ಚಿನಲ್ಲಿ ನಾನು ಮಾಡಿದ ಅನುವಾದ ಅವರಿಗೆ ಬಹಳ ಹಿಡಿಸಿತಂತೆ, ಹುಡುಕಿಕೊಂಡು ಬಂದರು. ಮನೆಮನೆಗೆ ಹೋಗಿ, ಹೆದರುವಂಥದ್ದು ಏನೂ ಇಲ್ಲ ಎಂದು ಮುದುಕರಿಗೆ ನಮ್ಮ ಭಾಷೆಯಲ್ಲಿ ಹೇಳಬೇಕು. ಹೇಳುತ್ತೇನೆ. ಗೂಟ ಕೀಳುವವರು ಈಗ ಬೇರೆ ಹುಡುಗರು, ಅವರನ್ನು ಗದರಿಸುವುದೂ ನನ್ನ ಕೆಲಸಕ್ಕೆ ಸೇರಿದೆ.

ಒಂದು ದಿನ ಒರತೆಯಿಂದ ಬರುವಾಗ ಅಜ್ಜಿ ನನ್ನ ತೋಳು ಹಿಡಿದು ನಿಂತಳು. "ಅವತ್ತು ನಾನು ಹೇಳಿದ್ದನ್ನೇ ಹೇಳಿದೆ ತಾನೇ? ನಿಂದೇನೂ ಸೇರಿಸಲಿಲ್ಲ ತಾನೇ?"

"ಇಲ್ಲ ಅಜ್ಜಿ. ನೀನು ಹೇಳಿದ್ದೇ."

"ಹಾಗಾದ್ರೆ ನಮ್ಮ ಬಾಯಿಂದ ಆಗಿದ್ದಲ್ಲ ಇದು" ಎಂದಳು. ಮುಖ ಹಗುರಾಯಿತು. ಮನೆಯವರೆಗೆ ಎಲ್ಲೂ ಕೂರದೆ ನಡೆದಳು.

ಇದನ್ನು ನಿನಗೆ ಯಾಕೆ ಬರೆದೆ ಎಂದರೆ, ಅಂದು ನಾನು ನಿನ್ನ ಹಾಳೆಯನ್ನು ಹೇಳಿಬಿಟ್ಟಿದ್ದರೆ ನೀರು ಉಳಿಯುತ್ತಿತ್ತೇನೋ ಎಂದು ದಿನಾ ಲೆಕ್ಕ ಹಾಕುತ್ತೇನೆ. ಹೇಳಿಯೂ ಉಳಿಯದೇ ಹೋಗಿದ್ದರೆ? ಆಗ ಅಜ್ಜಿ ಇದೇ ಪ್ರಶ್ನೆ ಕೇಳುತ್ತಿದ್ದಳು. ನಾನು ಏನು ಹೇಳುತ್ತಿದ್ದೆ?

ಈ ಪತ್ರ ಅಂಚೆಗೆ ಹಾಕುವುದನ್ನು ಹೊಸ್ಕಿ ಮಾವನಿಗೆ ತಿಳಿಸುವುದಿಲ್ಲ. ಅಜ್ಜಿಯ ಹತ್ತಿರ ಇರುವವರು ಕೆಟ್ಟದ್ದನ್ನು ಆಡಲೂಬಾರದು, ಬರೆಯಲೂಬಾರದು ಎಂದಿದ್ದಾನೆ. ಇನ್ನು ಮುಂದೆ ನಾನೂ ಅವಳ ಹಾಗೇ ಬರೆಯುತ್ತೇನೆ. ಓದಿಕೊಳ್ಳುವುದು ನಿನ್ನ ಕೆಲಸ.

ಟೆರಲ್


ವಾಶಿಂಗ್ಟನ್
ಡಿಸೆಂಬರ್ 18, 1978

ಜೊಂಡುನೀರಿನ ಕುರಿ ಖಾತೆ, ಸೌದೆ ಖಾತೆ ಹಾಗೂ ಅಜ್ಜಿಯ ಬೈಗುಳ ಖಾತೆಗಳ ಸನ್ಮಾನ್ಯ ಮಂತ್ರಿವರ್ಯರ ದಿವ್ಯ ಸಮಕ್ಷಮಕ್ಕೆ,

ರಾಜಧಾನಿಯ ಬೆರಳಚ್ಚು ದಾಸಿಯು ಮೊಣಕಾಲೂರಿ ಮಾಡುವ ಬಿನ್ನಪ. ವಾಶಿಂಗ್ಟನ್ ಎಂಬುವನ ಕುಲದ ಬಗ್ಗೆ ತಮ್ಮ ಕಡೆಯಿಂದ ಬಂದ ವಿಚಾರಣೆಗೆ ಉತ್ತರ ಸಿದ್ಧವಾಗಿದೆ. ಅವನಿಗೆ ತಾಯಿಯಿಲ್ಲ. ಕಾಗದದ ಹೊಟ್ಟೆಯಲ್ಲಿ ಹುಟ್ಟಿದವನು, ಶಾಯಿ ಕುಡಿದು ಬೆಳೆದವನು. ಅಜ್ಜಿಗೆ ಅರಿಕೆ ಮಾಡುವುದು.

ನಿನ್ನಷ್ಟು ಚೆನ್ನಾಗಿ ಬರುವುದಿಲ್ಲ. ಮೂರು ಸಲ ಹರಿದು ಬರೆದೆ.

ಟೆರಲ್, ನೀನು ಒಂದು ಕಿಡಿಗೇಡಿ ಪತ್ರ ಬರೆಯುವವರೆಗೆ ನನಗೆ ನಿದ್ದೆ ಬರುವುದಿಲ್ಲ. ಹೋದ ವಾರ ಆಫೀಸಿಗೆ ಫೋನು ಬಂದಿತ್ತಂತೆ, ಆರಿಜೋನಾದಿಂದ, ನಾನಿರಲಿಲ್ಲ. ಯಾರೆಂದು ಬರೆದಿಟ್ಟಿಲ್ಲ. ಅಜ್ಜಿ ಹೇಗಿದ್ದಾಳೆ? ಈ ಸಲ ಅವಳು ಹೇಳಿದ್ದನ್ನಲ್ಲ, ನೀನು ಕಂಡದ್ದನ್ನು ಬರೆ. ಬೇಕಾದರೆ ಸೇರಿಸು. ಬೇಕಾದರೆ ಸುಳ್ಳು ಹೇಳು. ತಾಳೆ ನೋಡುವವರು ಯಾರೂ ಇಲ್ಲ.

ಅಕ್ಕ


ಜೊಂಡುನೀರು
ಜನವರಿ 4, 1979

ಅಕ್ಕ,

ಎಲ್ಲ ಚೆನ್ನಾಗಿದೆ. ನೀರು ಚೆನ್ನಾಗಿದೆ. ಗುಡ್ಡದ ಮೇಲೆ ಹಿಮ ಚೆನ್ನಾಗಿ ಬಿದ್ದಿದೆ. ಕುರಿಗಳು ಚೆನ್ನಾಗಿವೆ, ಲೊರೇನಾಗಳೆರಡೂ ಒರತೆಯಲ್ಲಿ ಕುಡಿಯುತ್ತಿವೆ. ನಿನ್ನ ಪತ್ರವನ್ನು ಅಜ್ಜಿಗೆ ಓದಿದೆ, ವಾಶಿಂಗ್ಟನ್ನಿನ ತಾಯಿಯ ವಿಷಯ ಕೇಳಿ ನಕ್ಕಳು.

ಅಜ್ಜಿ ಚೆನ್ನಾಗಿದ್ದಾಳೆ. ಹೊಸ್ಕಿ ಮಾವ ಮನೆಗೆ ಹೋಗದೆ ಇಲ್ಲೇ ಇದ್ದಾನೆ, ಚೆನ್ನಾಗಿ ಹಾಡುತ್ತಿದ್ದಾನೆ. ನೀನು ಬರುವ ದಾರಿ ಚೆನ್ನಾಗಿರುತ್ತದೆ. ನೀನು ಬಂದಾಗ ಅವಳು ಬಾಗಿಲಲ್ಲಿ ನಿಂತಿರುತ್ತಾಳೆ. ನಿನ್ನ ಮುಂದೆ ಚೆನ್ನಾಗಿರುತ್ತದೆ, ನಿನ್ನ ಹಿಂದೆ ಚೆನ್ನಾಗಿರುತ್ತದೆ.

ಅವಳು ಹೇಳಿದ್ದನ್ನೇ ಬರೆದಿದ್ದೇನೆ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ.

ಟೆರಲ್